ಯಂತ್ರದ ಮಸ್ಟರನ್ನು ನಾವೂ ಓದಬೇಕು

(ಸಂಘದ ತಿಂಗಳ ಸಭೆಯಲ್ಲಿ ನಮ್ಮ ಹೋಟೆಲು ವಿಭಾಗದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಪಾಳಿ ಮುಗಿಸಿ, ಮಲಗುವ ಹೊತ್ತನ್ನು ಬಿಟ್ಟು ತಾವು ಇಲ್ಲಿಗೆ ಬಂದಿದ್ದೀರಿ. ನನ್ನ ಮಾತು ಆ ನಿದ್ದೆಯ ಬೆಲೆಯನ್ನಾದರೂ ತೀರಿಸಬೇಕು. ನಾನು ವಿದ್ವಾಂಸನಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಕುಂದಾಪುರದ ಕಡೆಯಿಂದ ಮುಂಬಯಿಯ ಬಸ್ಸು ಹತ್ತಿದವನು. ಕಪ್ಪು ಬಶಿ ತೊಳೆದೆ, ಟೇಬಲು ಒರಸಿದೆ, ಸಪ್ಲಾಯರನಾದೆ, ಕೊನೆಗೆ ಗಲ್ಲೆಯ ಮೇಲೂ ಕುಳಿತೆ. ಈಗ ಸಂಘದ ಕೆಲಸಕ್ಕೆ ನಿಂತಿದ್ದೇನೆ. ಇಂಥವನು ಇಂದು ಕಂಪ್ಯೂಟರಿನ ವಿಷಯ ಮಾತನಾಡುತ್ತಾನೆಂದು ಕಾರ್ಯದರ್ಶಿಗಳು ಹೇಳಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕದ್ದು ನನಗೆ ಕೇಳಿಸಿತು. ನಗಲಿ. ಒಂದು ವರ್ಷದ ಹಿಂದೆ ಯಾರಾದರೂ ಹೀಗೆಂದಿದ್ದರೆ ನಾನೂ ನಗುತ್ತಿದ್ದೆ.

ಗಿರಣಿಯ ಹಿರಿಯರಿಗೆ ಮಸ್ಟರು ಎಂದರೇನೆಂದು ನಾನು ಹೇಳಬೇಕಾಗಿಲ್ಲ. ಹಾಜರಿ ಬಿದ್ದರೆ ಪಗಾರ, ಬೀಳದಿದ್ದರೆ ಖಾಡೆ. 1982ರ ಜನವರಿ 18ರಂದು ಮುಷ್ಕರ ಶುರುವಾಯಿತು. ಆ ಬಳಿಕ ಎಷ್ಟೋ ಗಿರಣಿಗಳ ಬಾಗಿಲು ಮುಚ್ಚಿತು, ಚಿಮಣಿ ನಿಂತಿದ್ದ ಕಡೆ ಗಾಜಿನ ಕಟ್ಟಡಗಳೆದ್ದವು. ಗಿರಣಿ ಕಾರ್ಮಿಕರಿಗೆ ಮನೆ ಕೊಡುತ್ತೇವೆ ಎಂದಾಗ ಸರಕಾರ ಕೇಳಿದ್ದೇನು? 1982ರ ಜನವರಿ 1ರಂದು ಅಥವಾ ಆ ನಂತರ ನೀನು ಗಿರಣಿಯ ಕೆಲಸದಲ್ಲಿದ್ದೆ ಎಂಬುದಕ್ಕೆ ಕಾಗದ ತೋರಿಸು ಎಂದು. ಪಗಾರ ಚೀಟಿಯನ್ನೋ ಕಾರ್ಡನ್ನೋ ಟ್ರಂಕಿನ ತಳದಲ್ಲಿ ಜೋಪಾನ ಮಾಡಿದವರ ಅರ್ಜಿ ನಿಂತಿತು. ಇಪ್ಪತ್ತು ವರ್ಷ ಸಾಂಚೆಯ ಮುಂದೆ ನಿಂತಿದ್ದರೂ ಕಾಗದವಿಲ್ಲದವನ ಮಾತಿಗೆ ತೂಕವಿಲ್ಲದೆ ಹೋಯಿತು. ದುಡಿದದ್ದು ನಾವು, ದುಡಿದೆವೆಂದು ಬರೆದಿಟ್ಟ ಪುಸ್ತಕ ಮಾತ್ರ ಇನ್ನೊಬ್ಬರ ಕಪಾಟಿನಲ್ಲಿತ್ತು.

ಈಗ ಆ ಪುಸ್ತಕ ಕಾಗದದ್ದಲ್ಲ. ಹಾಜರಿ ಬೆರಳೊತ್ತುವ ಯಂತ್ರದಲ್ಲಿ, ಬಿಲ್ಲು ಗಲ್ಲೆಯ ಯಂತ್ರದಲ್ಲಿ, ಪಗಾರದ ಲೆಕ್ಕ ಆಫೀಸಿನ ಯಂತ್ರದಲ್ಲಿ. ಇವೆಲ್ಲವನ್ನೂ ನಡೆಸುವ ಕಂಪ್ಯೂಟರು, ನಾವು ನೋಡಲಿ ಬಿಡಲಿ, ತನ್ನದೇ ಒಂದು ದಿನಚರಿಯನ್ನು ಹಗಲಿರುಳು ಬರೆಯುತ್ತಿರುತ್ತದೆ. ಅದನ್ನು ಇವೆಂಟ್ ಲಾಗ್ ಎನ್ನುತ್ತಾರೆ. ಎಷ್ಟು ಹೊತ್ತಿಗೆ ಏನಾಯಿತು, ಯಾರ ಹೆಸರಿನಲ್ಲಾಯಿತು ಎಂಬುದು ಅದರಲ್ಲಿರುತ್ತದೆ. ಆ ದಿನಚರಿಯನ್ನು ಅರ್ಧ ಓದಿ ಒಬ್ಬ ಹುಡುಗನನ್ನು ಕಳ್ಳನೆಂದರು. ಪೂರ್ತಿ ಓದಿದಾಗ ಅವನ ಕೆಲಸ ಉಳಿಯಿತು. ಆ ಕಥೆಯನ್ನೇ ಇಂದು ಹೇಳುತ್ತೇನೆ. ಹೋಟೆಲಿನ ಹೆಸರು ಹೇಳುವುದಿಲ್ಲ. ಜಗಳ ತೀರಿದೆ, ಅಲ್ಲಿ ನಮ್ಮವರೇ ದುಡಿಯುತ್ತಿದ್ದಾರೆ.

ಮೂರು ಶಾಖೆಗಳ ಹೋಟೆಲು. ಒಂದು ಶಾಖೆಯಲ್ಲಿ ನಮ್ಮ ಊರ ಕಡೆಯ ತರುಣನೊಬ್ಬ ಗಲ್ಲೆಯಲ್ಲಿದ್ದ. ಮಧ್ಯಾಹ್ನದಿಂದ ರಾತ್ರಿ ಹನ್ನೊಂದರವರೆಗೆ ಪಾಳಿ. ಒಂದು ದಿನ ಬೆಳಿಗ್ಗೆ ಬಂದಾಗ ಮ್ಯಾನೇಜರು ಅವನನ್ನು ಗಲ್ಲೆಗೆ ಹೋಗಗೊಡಲಿಲ್ಲ. ನಾಲ್ಕು ಹಾಳೆ ಕೈಗೆ ಕೊಟ್ಟರು. ಹಿಂದಿನ ದಿನ 14 ಬಿಲ್ಲು ಅವನ ಹೆಸರಿನಲ್ಲಿ ರದ್ದಾಗಿದೆ, ಮೊತ್ತ ಒಂಬತ್ತು ಸಾವಿರ ಚಿಲ್ಲರೆ ರೂಪಾಯಿ. ಹೊತ್ತು 18 ಗಂಟೆ 15 ನಿಮಿಷ, ಅಂದರೆ ಸಂಜೆ ಆರೂಕಾಲು. ಆಗ ಗಲ್ಲೆಯಲ್ಲಿ ಕುಳಿತವನು ಅವನೇ. ಗಿರಾಕಿಯಿಂದ ದುಡ್ಡು ತೆಗೆದುಕೊಂಡು, ಆಮೇಲೆ ಬಿಲ್ಲು ರದ್ದುಮಾಡಿ, ದುಡ್ಡು ಕಿಸೆಗೆ ಹಾಕಿದ್ದಾನೆ ಎಂಬ ಆರೋಪ. ಗಲ್ಲೆಯ ಕಳ್ಳತನ ಹಾಗೆಯೇ ನಡೆಯುವುದೆಂದು ಗಲ್ಲೆಯಲ್ಲಿ ಕುಳಿತವರಿಗೆಲ್ಲ ಗೊತ್ತು.

ಹುಡುಗ ನನ್ನ ಬಳಿ ಬಂದ. ಬಂಧುಗಳೇ, ಇಲ್ಲಿ ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳಬೇಕು. ಹಾಳೆ ನೋಡಿದೆ. ಸಾಲುಸಾಲು ಇಂಗ್ಲಿಷು, ಸಂಖ್ಯೆ. ಕಂಪ್ಯೂಟರು ಸುಳ್ಳು ಹೇಳುತ್ತದೆಯೇ ಎಂದುಕೊಂಡೆ. "ಪೊಲೀಸು ಕೇಸು ಬೇಡ ಎಂದು ಶೇಟರ ಕಾಲು ಹಿಡಿಯೋಣ. ಕಂತಿನಲ್ಲಿ ದುಡ್ಡು ಕಟ್ಟು" ಎಂದೆ. ಅವನು ಜಗಳವಾಡಲಿಲ್ಲ. "ಅಣ್ಣಾ, ನೀವೂ ನಂಬಿದಿರಾ?" ಎಂದಷ್ಟೇ ಕೇಳಿದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮ ಚಾಳಿನಲ್ಲಿ ಗಿರಣಿಯಿಂದ ಬಂದ ಕಾಕಾ ಒಬ್ಬರಿದ್ದಾರೆ. ಅವರ ಮಗಳು ನವಿ ಮುಂಬಯಿಯ ಒಂದು ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಅಪ್ಪ ರಾತ್ರಿ ಪಾಳಿಯಲ್ಲಿ ಸಾಂಚೆ ನೋಡಿದರು, ಮಗಳು ರಾತ್ರಿ ಪಾಳಿಯಲ್ಲಿ ಸರ್ವರು ನೋಡುತ್ತಾಳೆ. ಬೆಳಿಗ್ಗೆ ಅವಳು ಕೆಲಸದಿಂದ ಮರಳುವ ಹೊತ್ತಿಗೆ ಕಾದು ಕುಳಿತು ಆ ಹಾಳೆಗಳನ್ನು ತೋರಿಸಿದೆ. ಚಹಾ ತಣ್ಣಗಾಗುವವರೆಗೆ ಓದಿದಳು. ಆಮೇಲೆ "ಅಣ್ಣಾ, ಈ ಹೊತ್ತಿನ ಕೊನೆಯಲ್ಲಿ ಒಂದು ಅಕ್ಷರ ಇದೆಯಲ್ಲ, ಅದನ್ನು ಯಾರೂ ನೋಡಲಿಲ್ಲವೇ?" ಎಂದಳು.

ಆ ಅಕ್ಷರದ ಕಥೆಗೆ ಬರುತ್ತೇನೆ. ಅದಕ್ಕೆ ಮುಂಚೆ ಆ ದಿನಚರಿ ಬರೆದ ಯಂತ್ರ ಎಂಥದ್ದೆಂದು ತಿಳಿಯಬೇಕು. ಅದು ಕಣ್ಣಿಗೆ ಕಾಣುವ ಯಂತ್ರವಲ್ಲ, ವರ್ಚುವಲ್ ಮಶೀನು. ಹೆಸರು ಕೇಳಿ ಹೆದರಬೇಡಿ. ನಮಗೆ ಚಾಳು ಗೊತ್ತಿದೆಯಲ್ಲ? ಕಟ್ಟಡ ಒಂದೇ, ನೀರಿನ ಟಾಂಕಿ ಒಂದೇ. ಖೋಲಿ ಮಾತ್ರ ಬೇರೆ ಬೇರೆ. ಒಂದು ಖೋಲಿಯವನಿಗೆ ಪಕ್ಕದ ಖೋಲಿಯ ಪೆಟ್ಟಿಗೆಯಲ್ಲಿ ಏನಿದೆಯೆಂದು ತಿಳಿಯದು. ಹಾಗೆಯೇ ಒಂದು ದೊಡ್ಡ ಕಬ್ಬಿಣದ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳನ್ನು ಖೋಲಿಗಳಂತೆ ಇರಿಸುತ್ತಾರೆ. ಪ್ರತಿಯೊಂದೂ ತಾನೇ ಪೂರ್ತಿ ಯಂತ್ರವೆಂದು ತಿಳಿದು ಕೆಲಸ ಮಾಡುತ್ತದೆ. ನೀರು ಹಂಚಿ ಬಾಗಿಲು ಕಾಯುವ ಚಾಳಿನ ಮೇಲ್ವಿಚಾರಕನಂಥ ಸಾಫ್ಟ್‌ವೇರಿಗೆ ಹೈಪರ್‌ವೈಸರ್ ಎಂದು ಹೆಸರು. ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಐ.ಬಿ.ಎಂ. ಕಂಪನಿಯವರು 1960ರ ದಶಕದಲ್ಲಿಯೇ ಕೇಂಬ್ರಿಜಿನಲ್ಲಿ ಮಾಡಿ ನೋಡಿದ್ದರು. 1998ರಲ್ಲಿ ಹುಟ್ಟಿದ ವಿ.ಎಂ.ವೇರ್ ಕಂಪನಿ ಸಾಧಾರಣ ಕಂಪ್ಯೂಟರಿಗೂ ಅದನ್ನು ತಂದಿತು. ನಮ್ಮ ಹುಡುಗನ ಹೋಟೆಲಿನಲ್ಲಿ ಮುಖ್ಯ ಶಾಖೆಯ ಮಾಳಿಗೆಯಲ್ಲಿ ಒಂದೇ ಕಬ್ಬಿಣದ ಪೆಟ್ಟಿಗೆ ಇತ್ತು. ಅದರೊಳಗೆ ಮೂರು ಶಾಖೆಗಳ ಬಿಲ್ಲಿಗೆ ಮೂರು ಖೋಲಿ.

ಚಾಳಿನಲ್ಲಿ ಎರಡು ಬಗೆಯ ಸುದ್ದಿ ಇರುತ್ತದೆ. ಖೋಲಿಯೊಳಗೆ ಗಂಡ ಹೆಂಡಿರ ಜಗಳವಾದರೆ ಅದು ಖೋಲಿಯವರಿಗೆ ಗೊತ್ತು. ನೀರು ನಿಂತರೆ ಖೋಲಿಯವರಿಗೆ ನಿಂತದ್ದು ಮಾತ್ರ ಗೊತ್ತು. ಯಾಕೆ ನಿಂತಿತು, ಯಾರು ಕೊಳ ತಿರುಗಿಸಿದರು ಎಂಬುದು ಟಾಂಕಿಯ ಬಳಿ ಇದ್ದವನಿಗೆ ಗೊತ್ತು. ಯಂತ್ರದಲ್ಲಿಯೂ ಹಾಗೆಯೇ. ಖೋಲಿಯ ಒಳಗೆ ಒಂದು ದಿನಚರಿ, ಚಾಳಿನ ಆಫೀಸಿನಲ್ಲಿ ಇನ್ನೊಂದು. ಒಂದನ್ನೇ ಓದಿದವನು ಅರ್ಧ ಓದಿದಂತೆ.

ಮೊದಲು ಖೋಲಿಯ ಪುಸ್ತಕ. ಅಲ್ಲಿ ವಿಂಡೋಸ್ ಇದ್ದರೆ ಇವೆಂಟ್ ವ್ಯೂವರ್ ಎಂಬ ಕಿಟಕಿ ಇರುತ್ತದೆ. ಸ್ಟಾರ್ಟ್ ಒತ್ತಿ ಆ ಹೆಸರು ಬರೆದರೆ ತೆರೆಯುತ್ತದೆ. ಎಡಗಡೆ ವಿಂಡೋಸ್ ಲಾಗ್ಸ್ ಎಂಬ ಕಪಾಟು. ಅದರಲ್ಲಿ ಮುಖ್ಯವಾದ ವಹಿಗಳು ನಾಲ್ಕು. ಅಪ್ಲಿಕೇಶನ್ ಎಂಬುದರಲ್ಲಿ ಬಿಲ್ಲಿನಂಥ ಪ್ರೋಗ್ರಾಮುಗಳ ಸುದ್ದಿ, ಸೆಕ್ಯುರಿಟಿಯಲ್ಲಿ ಯಾರು ಒಳಗೆ ಬಂದರೆಂಬುದು, ಸೆಟಪ್ಪಿನಲ್ಲಿ ವಿಂಡೋಸಿನ ಅಪ್‌ಡೇಟುಗಳು, ಸಿಸ್ಟಮಿನಲ್ಲಿ ಯಂತ್ರದ ಸ್ವಂತ ಆರೋಗ್ಯ. ಒಂದೊಂದು ಸಾಲಿಗೂ ಒಂದು ದರ್ಜೆ ಉಂಟು. ಇನ್ಫರ್ಮೇಶನ್ ಎಂದರೆ ಸುಮ್ಮನೆ ತಿಳಿಸಿದ್ದು, ವಾರ್ನಿಂಗ್ ಎಂದರೆ ಎಚ್ಚರಿಕೆ, ಎರರ್ ಎಂದರೆ ತಪ್ಪಿದ್ದು, ಕ್ರಿಟಿಕಲ್ ಎಂದರೆ ಗಂಡಾಂತರ. ಎರರ್ ಕಂಡ ಕೂಡಲೇ ಗಾಬರಿಯಾಗಬಾರದು. ಚೆನ್ನಾಗಿ ನಡೆಯುವ ಯಂತ್ರದಲ್ಲಿಯೂ ದಿನಕ್ಕೆ ನಾಲ್ಕು ಎರರ್ ಬೀಳುತ್ತದೆ. ಯಾವ ಹೊತ್ತಿಗೆ ಬಿತ್ತು, ಅದರ ಹಿಂದೆ ಮುಂದೆ ಏನಿದೆ ಎಂದು ನೋಡಬೇಕು.

ಪ್ರತಿ ಸಾಲಿಗೂ ಒಂದು ನಂಬರು ಇರುತ್ತದೆ. ಕೆಲವನ್ನು ಬರೆದುಕೊಳ್ಳಿ. 4624 ಎಂದರೆ ಒಬ್ಬರು ಸರಿಯಾಗಿ ಒಳಬಂದರು. 4625, ಒಳಬರಲು ಯತ್ನಿಸಿ ಸೋತರು. 1074, ಯಂತ್ರವನ್ನು ಇಂಥವರು ಅಥವಾ ಇಂಥ ಪ್ರೋಗ್ರಾಮು ನಿಲ್ಲಿಸಿತು, ಇಲ್ಲವೇ ನಿಲ್ಲಿಸಿ ಮತ್ತೆ ಶುರುಮಾಡಿತು. 6008, ಹಿಂದಿನ ಸಲ ಯಂತ್ರ ಹೇಳದೆ ಕೇಳದೆ ನಿಂತುಹೋಗಿತ್ತು. 4616, ಗಡಿಯಾರ ಬದಲಾಯಿತು. ಯಂತ್ರ ತಾನಾಗಿ ಚೂರುಪಾರು ತಿದ್ದಿಕೊಂಡದ್ದೂ ಇದರಲ್ಲಿ ಬೀಳುತ್ತದೆ, ಗಂಟೆಗಟ್ಟಲೆ ಬದಲಾದರೆ ಮಾತ್ರ ಕೇಳಬೇಕು. 1102, ಸೆಕ್ಯುರಿಟಿ ವಹಿಯನ್ನೇ ಅಳಿಸಿಹಾಕಿದ್ದಾರೆ. ಗಮನಿಸಿ, ವಹಿ ಅಳಿಸಿದವನ ಹೆಸರೂ ಹೊಸ ವಹಿಯ ಮೊದಲ ಸಾಲಿನಲ್ಲಿ ಬೀಳುತ್ತದೆ. ಖೋಲಿಯಲ್ಲಿ ಲಿನಕ್ಸ್ ಇದ್ದರೆ ಕಿಟಕಿ ಬೇರೆ. ಅಲ್ಲಿ ಬಹಳ ಕಡೆ ಜರ್ನಲ್‌ಸಿಟಿಎಲ್ ಎಂಬ ಆಜ್ಞೆಯಿಂದ ಇದೇ ದಿನಚರಿ ಓದುತ್ತಾರೆ.

ಇನ್ನು ಚಾಳಿನ ಪುಸ್ತಕ. ವಿ.ಎಂ.ವೇರಿನ ವಿಸ್ಫಿಯರ್ ಎಂಬ ಪರದೆಯಲ್ಲಿ ಖೋಲಿಯ ಹೆಸರು ಒತ್ತಿ, ಮಾನಿಟರ್ ಎಂಬಲ್ಲಿ ಇವೆಂಟ್ಸ್ ನೋಡಿದರೆ, ಖೋಲಿಯನ್ನು ಯಾರು ಚಾಲು ಮಾಡಿದರು, ಯಾರು ಬಂದು ಮಾಡಿದರು, ಯಾರು ಹಿಂದಿನ ಸ್ಥಿತಿಗೆ ಒಯ್ದರು ಎಂದು ಹೆಸರು ಸಮೇತ ಇರುತ್ತದೆ. ಮೈಕ್ರೋಸಾಫ್ಟಿನ ಹೈಪರ್-ವಿ ಆದರೆ ಕಬ್ಬಿಣದ ಪೆಟ್ಟಿಗೆಯ ಇವೆಂಟ್ ವ್ಯೂವರಿನಲ್ಲಿಯೇ ಹೈಪರ್-ವಿ ಹೆಸರಿನ ಬೇರೆ ವಹಿಗಳಿರುತ್ತವೆ. ಖೋಲಿ ಧಡಕ್ಕನೆ ನಿಂತರೆ ಒಳಗಿನ ಪುಸ್ತಕದಲ್ಲಿ 6008 ಎಂದಷ್ಟೇ ಇರುತ್ತದೆ. ಕೊಳ ತಿರುಗಿಸಿದವರು ಯಾರೆಂದು ತಿಳಿಯಬೇಕಾದರೆ ಹೊರಗಿನ ಪುಸ್ತಕವೇ ಬೇಕು.

ಇಲ್ಲೊಂದು ಸೂಕ್ಷ್ಮವಿದೆ, ಇದನ್ನು ಮರೆಯಬಾರದು. ಖೋಲಿಯ ಸ್ಥಿತಿಯನ್ನು ಒಂದು ಗಳಿಗೆಯಲ್ಲಿ ಹಿಡಿದಿಡುವುದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಅಪ್‌ಡೇಟು ಕೆಟ್ಟರೆ ಆ ಗಳಿಗೆಗೆ ಮರಳಲಿಕ್ಕೆ ಅದು ಒಳ್ಳೆಯ ಉಪಾಯ. ಆದರೆ ಮರಳಿದಾಗ ಖೋಲಿಯೊಳಗಿನ ಎಲ್ಲವೂ ಮರಳುತ್ತದೆ, ದಿನಚರಿಯೂ ಮರಳುತ್ತದೆ. ಸೋಮವಾರ ಹಿಡಿದಿಟ್ಟು ಗುರುವಾರ ಮರಳಿಸಿದರೆ, ಮಂಗಳವಾರ ಬುಧವಾರಗಳ ಸಾಲುಗಳು ಖೋಲಿಯ ಪುಸ್ತಕದಲ್ಲಿ ಇರುವುದೇ ಇಲ್ಲ; ಹಾಳೆ ಹರಿದ ಗುರುತೂ ಇರುವುದಿಲ್ಲ. ಮರಳಿಸಿದ ಸುದ್ದಿ ಚಾಳಿನ ಪುಸ್ತಕದಲ್ಲಿ ಬೀಳುತ್ತದೆ. ಆದುದರಿಂದ ಎರಡೂ ಪುಸ್ತಕ ಕೇಳಬೇಕು.

ಈಗ ಆ ಅಕ್ಷರ. ಹಾಳೆಯಲ್ಲಿ ಪ್ರತಿ ಹೊತ್ತಿನ ಕೊನೆಗೂ ಇಂಗ್ಲಿಷಿನ ಕಡೆಯ ಅಕ್ಷರ ಝಡ್ ಇತ್ತು. ಝಡ್ ಇದ್ದರೆ ಅದು ಯು.ಟಿ.ಸಿ. ಹೊತ್ತು, ನಮ್ಮ ಗಡಿಯಾರದ್ದಲ್ಲ, ಹೆಚ್ಚುಕಡಿಮೆ ಲಂಡನ್ನಿನ ಗ್ರೀನಿಚ್ಚಿನದು. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ವಿಂಡೋಸ್ ತನ್ನ ದಿನಚರಿಯನ್ನು ಒಳಗೆ ಯು.ಟಿ.ಸಿ.ಯಲ್ಲಿಯೇ ಇಟ್ಟುಕೊಂಡು, ಪರದೆಯ ಮೇಲೆ ತೋರಿಸುವಾಗ ನಮ್ಮ ಹೊತ್ತಿಗೆ ತಿರುಗಿಸುತ್ತದೆ. ಆದರೆ ಎಕ್ಸ್.ಎಂ.ಎಲ್. ಎಂಬ ರೂಪದಲ್ಲಿ ತೆಗೆದು ಅಚ್ಚು ಹಾಕಿದರೆ ಒಳಗಿದ್ದ ಹೊತ್ತೇ ಬರುತ್ತದೆ. ವಿ.ಎಂ.ವೇರಿನ ಇ.ಎಸ್.ಎಕ್ಸ್.ಐ. ಎಂಬ ಮೇಲ್ವಿಚಾರಕನ ಲಾಗುಗಳೂ ಯು.ಟಿ.ಸಿ.ಯವೇ. ಹಾಗಾದರೆ 18 ಗಂಟೆ 15 ನಿಮಿಷಕ್ಕೆ ಐದೂವರೆ ಗಂಟೆ ಕೂಡಿಸಿ. ರಾತ್ರಿ 11 ಗಂಟೆ 45 ನಿಮಿಷ. ಹುಡುಗ 11 ಗಂಟೆ 6 ನಿಮಿಷಕ್ಕೆ ಬೆರಳೊತ್ತಿ ಹೊರಬಿದ್ದಿದ್ದ. ಬಿಲ್ಲು ರದ್ದಾಗುವಾಗ ಅವನು ವಿರಾರ್ ಲೋಕಲಿನಲ್ಲಿ ನೇತಾಡುತ್ತಿದ್ದ.

"ಇದು ನಿನ್ನ ಊಹೆ ಎಂದು ಮ್ಯಾನೇಜರು ಹೇಳಿದರೆ?" ಎಂದು ನಾನು ಕೇಳಿದೆ. ಅವಳು ಹೇಳಿದ ಉಪಾಯ ನನಗೆ ಬಹಳ ಹಿಡಿಸಿತು. "ಅಣ್ಣಾ, ನಿಮಗೆಲ್ಲರಿಗೂ ಗೊತ್ತಿರುವ ಒಂದು ಘಟನೆಯನ್ನು ಅದೇ ಹಾಳೆಯಲ್ಲಿ ಹುಡುಕಿ. ಅದರ ಹೊತ್ತಿನೊಡನೆ ತಾಳೆ ನೋಡಿ." ಆ ಹೋಟೆಲಿನ ಬಿಲ್ಲಿನ ಯಂತ್ರ ಪ್ರತಿ ರಾತ್ರಿ ಸರಿಯಾಗಿ ಹನ್ನೆರಡಕ್ಕೆ ತಾನಾಗಿ ನಿಂತು ಮತ್ತೆ ಶುರುವಾಗುತ್ತದೆ, ಮೋರಿಯ ಹುಡುಗನಿಗೂ ಅದು ಗೊತ್ತು. ನಾಲ್ಕನೆಯ ಹಾಳೆಯಲ್ಲಿ 1074ರ ಸಾಲು ಇತ್ತು. ಅದರ ಹೊತ್ತು 18 ಗಂಟೆ 30 ನಿಮಿಷ, ಝಡ್. ಸಂಜೆ ಆರೂವರೆಗೆ, ಗಿರಾಕಿಗಳು ತುಂಬಿರುವಾಗ, ಯಾವ ಹೋಟೆಲಿನವರು ಗಲ್ಲೆಯ ಯಂತ್ರ ನಿಲ್ಲಿಸುತ್ತಾರೆ? ಆ ಹಾಳೆ ಮೊದಲಿನಿಂದಲೂ ನಮ್ಮ ಕೈಯಲ್ಲಿಯೇ ಇತ್ತು. ಮ್ಯಾನೇಜರು 14 ಸಾಲಿನ ಕೆಳಗೆ ಗೆರೆ ಎಳೆದಿದ್ದರು. ನಾನೂ ಗೆರೆ ಎಳೆದದ್ದನ್ನು ಮಾತ್ರ ಓದಿದ್ದೆ.

ಇನ್ನೊಂದು ಮಾತನ್ನೂ ಅವಳು ತೋರಿಸಿದಳು. 14 ಬಿಲ್ಲುಗಳೂ ಎರಡೇ ಸೆಕೆಂಡಿನಲ್ಲಿ ರದ್ದಾಗಿದ್ದವು. ಎಂಥ ಚುರುಕು ಕೈಯವನಿಗೂ ಅದು ಸಾಧ್ಯವಿಲ್ಲ. ಆದರೆ ಅವನ ಹೆಸರು ಅಲ್ಲಿ ಬಂದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕದಿದ್ದರೆ ಅನುಮಾನ ಮತ್ತೊಬ್ಬ ಕೆಲಸಗಾರನ ತಲೆಗೆ ಕಟ್ಟಲ್ಪಡುತ್ತಿತ್ತು. ಅಲ್ಲಿ ನೆರವಾದದ್ದು ವರ್ಶನ್.

ವರ್ಶನ್ ಎಂದರೆ ಆವೃತ್ತಿ. ಪ್ರೋಗ್ರಾಮು ತಿದ್ದಿದಂತೆಲ್ಲ ಅದಕ್ಕೆ ಹೊಸ ನಂಬರು ಬೀಳುತ್ತದೆ. ಹೆಸರು ಅದೇ, ಬಣ್ಣ ಅದೇ, ಒಳಗಿನ ನಡೆ ಮಾತ್ರ ಬೇರೆಯಾಗಿರಬಹುದು. ಭಟ್ಟರು ಬದಲಾದರೂ ಬೋರ್ಡು ಅದೇ ಇದ್ದಂತೆ. ವಿಂಡೋಸಿನಲ್ಲಿ ಕಂಟ್ರೋಲ್ ಪ್ಯಾನೆಲಿನ ಪ್ರೋಗ್ರಾಮುಗಳ ಪಟ್ಟಿ ತೆರೆದರೆ ಹೆಸರಿನ ಎದುರು ವರ್ಶನ್ ನಂಬರೂ ಹಾಕಿದ ತಾರೀಕೂ ಇರುತ್ತದೆ. ವಿಂಡೋಸಿನದೇ ವರ್ಶನ್ ನೋಡಲು ವಿನ್‌ವರ್ ಎಂಬ ಆಜ್ಞೆ ಇದೆ. ಖೋಲಿಗೂ ಚಾಳಿಗೂ ನಡುವೆ ಗಡಿಯಾರ ಮುಂತಾದವನ್ನು ಹೊಂದಿಸುವ ವಿ.ಎಂ.ವೇರ್ ಟೂಲ್ಸ್ ಎಂಬುದರ ವರ್ಶನ್ ಚಾಳಿನ ಪರದೆಯಲ್ಲಿ ಕಾಣುತ್ತದೆ. ಹೊಸ ಪ್ರೋಗ್ರಾಮನ್ನು ವಿಂಡೋಸಿನ ಇನ್‌ಸ್ಟಾಲರ್ ಹಾಕಿದರೆ ಅಪ್ಲಿಕೇಶನ್ ವಹಿಯಲ್ಲಿ 1033 ನಂಬರಿನ ಸಾಲು ಬಿದ್ದು, ಪ್ರೋಗ್ರಾಮಿನ ಹೆಸರೂ ವರ್ಶನ್ನೂ ಅಲ್ಲಿಯೇ ಬರೆದಿರುತ್ತದೆ.

ಎರಡನೆಯ ಹಾಳೆಯಲ್ಲಿ ಆ ಸಾಲೂ ಇತ್ತು. 9 ಗಂಟೆ 40 ನಿಮಿಷ, ಝಡ್; ಅಂದರೆ ಅದೇ ದಿನ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಬಿಲ್ಲಿನ ಪ್ರೋಗ್ರಾಮಿಗೆ ಹೊಸ ವರ್ಶನ್ ಹಾಕಿದ್ದರು. ನಾವು ಶೇಟರ ಬಳಿ ಒಂದೇ ಕೋರಿಕೆ ಇಟ್ಟೆವು. ಮೂರು ಶಾಖೆಯ ಮೂರು ಖೋಲಿಗಳಲ್ಲಿ ಬಿಲ್ಲಿನ ಪ್ರೋಗ್ರಾಮಿನ ವರ್ಶನ್ ಯಾವುದೆಂದು ನಮ್ಮೆದುರು ತೋರಿಸಿ ಎಂದು. ತೋರಿಸಿದರು. ಹುಡುಗನ ಶಾಖೆಯಲ್ಲಿ ಹೊಸದು. ಉಳಿದ ಎರಡು ಕಡೆ ಹಳೆಯದು. ಆ ಪ್ರೋಗ್ರಾಮು ಮಾರಿದವರನ್ನು ಕರೆಸಿದಾಗ ಸಂಗತಿ ಬಿಚ್ಚಿಕೊಂಡಿತು. ಫೋನಿನಲ್ಲಿ ಪಾರ್ಸೆಲ್ ಹೇಳಿ ಬಾರದೆ ಹೋದ ಗಿರಾಕಿಗಳ ಬಿಲ್ಲು ಹೋಲ್ಡಿನಲ್ಲಿ ಉಳಿಯುತ್ತದೆ. ಹಳೆಯ ವರ್ಶನ್ ಅವನ್ನು ಹಾಗೆಯೇ ಬಿಡುತ್ತಿತ್ತು. ಹೊಸದು ರಾತ್ರಿ ಲೆಕ್ಕ ಮುಚ್ಚುವಾಗ ಅವೆಲ್ಲವನ್ನೂ ಒಮ್ಮೆಗೇ ರದ್ದುಮಾಡಿ, ಕೊನೆಗೆ ಗಲ್ಲೆ ಬಿಟ್ಟವನ ಹೆಸರು ಹಾಕುತ್ತದೆ. 14 ಬಿಲ್ಲುಗಳೂ ಹಿಂದಿನ ದಿನಗಳವು. ಎರಡಂತೂ ಅವನು ರಜೆಯಲ್ಲಿದ್ದ ದಿನದವು. ದುಡ್ಡು ಬಂದೇ ಇರಲಿಲ್ಲ, ಕದಿಯುವುದೇನನ್ನು?

ಗಡಿಯಾರವನ್ನೇ ಯಾರಾದರೂ ತಿರುಗಿಸಿರಬಹುದಲ್ಲ ಎಂದು ಮ್ಯಾನೇಜರು ಕೊನೆಯ ಮಾತು ಆಡಿದರು. ನ್ಯಾಯವಾದ ಪ್ರಶ್ನೆ. ಚಾಳಿನ ಪುಸ್ತಕ ತೆಗೆಸಿದೆವು. ಆ ವಾರ ಖೋಲಿಯನ್ನು ಯಾರೂ ಹಿಂದಕ್ಕೆ ಮರಳಿಸಿರಲಿಲ್ಲ. ಒಳಗಿನ ಪುಸ್ತಕದಲ್ಲಿ ಗಡಿಯಾರ ಗಂಟೆಗಟ್ಟಲೆ ಬದಲಾದ ಸಾಲು ಇರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ಹುಡುಗನನ್ನು ಗಲ್ಲೆಗೆ ಮತ್ತೆ ಕರೆದರು, ಹೊರಗಿದ್ದ ಒಂಬತ್ತು ದಿನದ ಪಗಾರವನ್ನೂ ಕೊಟ್ಟರು. ಆದರೆ ಆ ಒಂಬತ್ತು ದಿನದಲ್ಲಿ ಸುದ್ದಿ ಊರು ಮುಟ್ಟಿತ್ತು. ಅವನ ತಾಯಿ ಫೋನಿನಲ್ಲಿ ಅತ್ತದ್ದಕ್ಕೆ ಯಾವ ಲೆಕ್ಕದಲ್ಲಿ ಪರಿಹಾರ ಬರೆಯುವುದು? ಅವನು ನನ್ನೊಡನೆ ಈಗಲೂ ನಗುತ್ತಾ ಮಾತನಾಡುತ್ತಾನೆ. "ನೀವೂ ನಂಬಿದಿರಾ" ಎಂದ ಮಾತು ಮಾತ್ರ ನನ್ನ ಎದೆಯಲ್ಲಿ ಉಳಿದಿದೆ.

ಇದು ನಮ್ಮೊಬ್ಬರ ಕಥೆಯಲ್ಲ. ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ಇತ್ತು. ಅದು ತೋರಿಸಿದ ಕೊರತೆಯನ್ನು ನಂಬಿ, 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರಿಗೆ ಕೋರ್ಟುಗಳು ಅಪರಾಧಿಗಳೆಂದು ಹಣೆಪಟ್ಟಿ ಕಟ್ಟಿದವು. ಭಾರತ ಮೂಲದ ಸೀಮಾ ಮಿಶ್ರಾ ಎಂಬವರನ್ನು 2010ರಲ್ಲಿ ಗರ್ಭಿಣಿಯಾಗಿದ್ದಾಗಲೇ ಜೈಲಿಗೆ ಕಳಿಸಿದರು. ಆ ವ್ಯವಸ್ಥೆಯ ಗೊತ್ತಿರುವ ತಪ್ಪುಗಳನ್ನು ಬರೆದಿಟ್ಟ ಪುಸ್ತಕವೊಂದು ಅದನ್ನು ನಡೆಸುವ ಕಂಪನಿಯ ಬಳಿ ಇತ್ತು. ಆರೋಪ ಹೊತ್ತವರ ಕಣ್ಣಿಗೆ ಅದು ಬೀಳಲಿಲ್ಲ. 2019ರ ಡಿಸೆಂಬರಿನಲ್ಲಿ ಅಲ್ಲಿಯ ಹೈಕೋರ್ಟು ಯಂತ್ರದಲ್ಲಿ ದೋಷಗಳಿದ್ದವು, ಹೊರಗಿನಿಂದ ಲೆಕ್ಕ ತಿದ್ದಲೂ ಸಾಧ್ಯವಿತ್ತು ಎಂದು ತೀರ್ಪು ಕೊಟ್ಟಿತು. 2021ರ ಏಪ್ರಿಲಿನಲ್ಲಿ ಸೀಮಾ ಅವರೂ ಸೇರಿ 39 ಮಂದಿಯ ಶಿಕ್ಷೆ ರದ್ದಾಯಿತು. ಓದುಬರಹ ಬಲ್ಲ ಲೆಕ್ಕಿಗರಿಗೇ ಹೀಗಾದರೆ ನಮ್ಮ ಪಾಡೇನು?

ಆದುದರಿಂದ ಏನು ಮಾಡಬೇಕು? ಮೊದಲ ಮಾತು, ತಡಮಾಡಬಾರದು. ದಿನಚರಿ ಚಿರಂಜೀವಿಯಲ್ಲ. ವಿಂಡೋಸಿನ ಸೆಕ್ಯುರಿಟಿ ವಹಿಗೆ ಬೇರೆ ಏರ್ಪಾಡು ಮಾಡದಿದ್ದರೆ 20 ಎಂ.ಬಿ. ಜಾಗ, ತುಂಬಿದ ಮೇಲೆ ಹಳೆಯ ಸಾಲಿನ ಮೇಲೆ ಹೊಸ ಸಾಲು ಬೀಳುತ್ತದೆ. ಬಾಡಿಗೆಯ ಖೋಲಿಗಳಾದ ಅಜೂರ್, ಅಮೆಜಾನ್‌ಗಳಲ್ಲಿ ಯಾರು ಏನು ಮಾಡಿದರೆಂಬ ಪಟ್ಟಿ ಬೇರೆ ಏರ್ಪಾಡಿಲ್ಲದಿದ್ದರೆ 90 ದಿನ ನೋಡಸಿಗುತ್ತದೆ. ನಮ್ಮ ದೇಶದಲ್ಲಿ ಸರ್ಟ್-ಇನ್ ಎಂಬ ಸರಕಾರಿ ಸಂಸ್ಥೆ 2022ರ ಏಪ್ರಿಲ್ 28ರಂದು ಆದೇಶ ಹೊರಡಿಸಿ, ಕಂಪನಿಗಳು ತಮ್ಮ ಯಂತ್ರಗಳ ಲಾಗುಗಳನ್ನು 180 ದಿನ ಕಾಪಾಡಬೇಕು, ಗಡಿಯಾರಗಳನ್ನು ಸರಕಾರಿ ಗಡಿಯಾರದೊಡನೆ ಹೊಂದಿಸಬೇಕು ಎಂದಿದೆ. ಹಾಗಿದ್ದರೂ ಆರೋಪ ಬಂದ ದಿನವೇ "ಲಾಗು ಅಳಿಸಬಾರದು, ಪ್ರತಿ ತೆಗೆದಿಡಿ" ಎಂದು ಬರೆದು ಕೊಟ್ಟು, ಸಹಿ ತೆಗೆದುಕೊಳ್ಳಿ.

ಎರಡನೆಯದು, ನೀವಾಗಿ ಸರ್ವರನ್ನು ಮುಟ್ಟಬೇಡಿ. ಅಪ್ಪಣೆಯಿಲ್ಲದೆ ಒಳಹೊಕ್ಕರೆ ಅದೇ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಅಪರಾಧವಾಗುತ್ತದೆ. ಬರೆದು ಕೇಳಿ, ಬಲ್ಲವರೊಬ್ಬರನ್ನು ಜತೆಗೆ ಕೂರಿಸಿಕೊಂಡು ನೋಡಿ. ಮೂರನೆಯದು, ಗೆರೆ ಎಳೆದ ಸಾಲು ಸಾಲದು. ಆ ದಿನದ ಖೋಲಿಯ ಪುಸ್ತಕ ಪೂರ್ತಿ, ಚಾಳಿನ ಪುಸ್ತಕ ಪೂರ್ತಿ, ಹೊತ್ತು ಯಾವ ಗಡಿಯಾರದ್ದೆಂಬ ಬರಹ, ಆ ದಿನ ಇದ್ದ ವರ್ಶನ್‌ಗಳ ಪಟ್ಟಿ, ಈ ನಾಲ್ಕನ್ನೂ ಕೇಳಿ. ನಾಲ್ಕನೆಯದು, ನಿಮ್ಮ ಪಾಸ್‌ವರ್ಡನ್ನು ಗಲ್ಲೆಗೆ ಚೀಟಿ ಅಂಟಿಸಿ ಇಡಬೇಡಿ, ಗೆಳೆಯನಿಗೂ ಕೊಡಬೇಡಿ. ನಿಮ್ಮ ಹೆಸರಿನಲ್ಲಿ ಬಿದ್ದ ಸಾಲು ನಿಮ್ಮದೇ ಎಂದು ಪುಸ್ತಕ ತಿಳಿಯುತ್ತದೆ. ವಿಷಯ ಕೋರ್ಟಿಗೆ ಹೋದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕು. ಬರಿಯ ಹಾಳೆ ಎತ್ತಿ ಆಡಿಸಿದರೆ ಆಗದು.

ಬಂಧುಗಳೇ, ನಾವು ಯಂತ್ರದ ವೈರಿಗಳಲ್ಲ. ಈ ಕಥೆಯಲ್ಲಿ ಯಂತ್ರ ಸುಳ್ಳು ಬರೆಯಲಿಲ್ಲ. ಹನ್ನೆರಡಕ್ಕೆ ನಿಂತದ್ದನ್ನೂ, ಮೂರು ಗಂಟೆಗೆ ಹೊಸ ವರ್ಶನ್ ಬಂದದ್ದನ್ನೂ ಅದು ಇದ್ದಂತೆಯೇ ಬರೆದಿತ್ತು. ಓದಿದವರು ಅರ್ಧ ಓದಿದರು. ನಾನು ಓದದೆಯೇ ನಂಬಿದೆ. ಶೇಟರ ತಪ್ಪಿಗಿಂತ ನನ್ನ ತಪ್ಪು ದೊಡ್ಡದು, ಯಾಕೆಂದರೆ ಆ ಹುಡುಗ ನಂಬಿ ಬಂದದ್ದು ಸಂಘವನ್ನು.

ಕಾಕಾರ ಮಗಳು ಪ್ರತಿ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಇದೇ ಸಭಾಗೃಹದಲ್ಲಿ ಎರಡು ಗಂಟೆ ಪಾಠ ಹೇಳಲು ಒಪ್ಪಿದ್ದಾಳೆ. ಒಂದು ಹಳೆಯ ಕಂಪ್ಯೂಟರಿನಲ್ಲಿ ಎರಡು ಖೋಲಿ ಮಾಡಿ, ಎರಡೂ ಪುಸ್ತಕಗಳನ್ನು ಓದಿಸಿ ತೋರಿಸುತ್ತಾಳೆ. ಇಂಗ್ಲಿಷು ಬಾರದೆಂದು ಹಿಂಜರಿಯಬೇಡಿ. ನಂಬರು ಓದಲು ಬಂದರೆ ಅರ್ಧ ಕೆಲಸ ಮುಗಿಯಿತು. ಹಿಂದೆ ನಮ್ಮ ಹಿರಿಯರು ಬಶಿ ತೊಳೆದು ಸುಕ್ಕಾದ ಬೆರಳಿನಲ್ಲಿಯೇ ರಾತ್ರಿ ಶಾಲೆಯ ಸ್ಲೇಟು ಹಿಡಿದರು. ಪಗಾರ ಚೀಟಿ ಓದಲು ಕಲಿತ ದಿನದಿಂದ ಮೆಹ್ತಾಜಿ ಅವರಿಗೆ ಕಡಿಮೆ ಎಣಿಸುವುದನ್ನು ಬಿಟ್ಟರು. ಇದೂ ಅದೇ ಪಾಠದ ಮುಂದಿನ ಹಾಳೆ. ಮುಂದಿನ ಸಲ ಯಾರಾದರೂ ಹುಡುಗ ನಾಲ್ಕು ಹಾಳೆ ಹಿಡಿದು ಸಂಘದ ಬಾಗಿಲಿಗೆ ಬಂದರೆ, ಒಳಗೆ ಕುಳಿತವನು ನಾಲ್ಕೂ ಹಾಳೆಗಳನ್ನು ಓದಲಿ.